ಪ್ರೀತಿಯ ಕಾರು, ಕನಸಿನ ಕಾರು



ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಧಾರವಾಡದ ಕಡೆಯ ಗೆಳೆಯರೊಬ್ಬರು ಈಚೆಗೆ ನನ್ನ ಮುಂದೆ ಒಂದು ಪ್ರಶ್ನೆ ಇಟ್ಟರು. ಅವರ ಬಳಿ 2006ರ ಪೋರ್ಷೆ 911 ಇದೆ. ಕರೇರಾ ಎಸ್ ಮಾದರಿ, ಕೈಯಲ್ಲಿ ಹಾಕುವ ಆರು ಗೇರಿನ ಕಾರು. ಅದನ್ನು ಕೊಟ್ಟು, ಮೇಲೆ ಹಣ ಸೇರಿಸಿ, ಫೆರಾರಿ ಎಫ್430 ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಪ್ರಶ್ನೆ. ನಾನು ವಾಹನಗಳ ಎಂಜಿನಿಯರಿಂಗಿನಲ್ಲೇ ದುಡಿದು ನಿವೃತ್ತನಾದವನು. ಹಾಗಾಗಿ ನನ್ನನ್ನು ಕೇಳಿದರು. "ಸರ, ಈ ಗಾಡಿ ನನ್ನ ಕೈಗೆ ಹೊಂದಿಕೊಂಡುಬಿಟ್ಟೈತ್ರಿ. ಆದ್ರ ಫೆರಾರಿ ಅಂದ್ರ ಸಣ್ಣಾಂವ ಇದ್ದಾಗಿಂದ ಕಂಡ ಕನಸ್ರೀ. ಈಗ ತಗೊಳ್ಳಲಿಕ್ಕೆ ಆಗ್ತದ. ಇನ್ನ ಹತ್ತು ವರ್ಷಕ್ಕ ಆ ಸೀಟಿನಾಗ ಇಳದು ಕೂಡ್ಲಿಕ್ಕೆ ಮೊಣಕಾಲು ಬಿಡ್ತಾವೋ ಇಲ್ಲೋ. ನೀವ ಹೇಳ್ರಿ."

ಇಂಥ ವಿಷಯವನ್ನು ಆಕಾಶವಾಣಿಯಲ್ಲಿ ಎತ್ತಬಹುದೇ ಎಂದು ಯಾರಾದರೂ ಕೇಳಬಹುದು. ಎರಡೂ ದುಬಾರಿ ಕಾರುಗಳು. ನಮ್ಮಲ್ಲಿ ಬಹಳ ಜನ ಅವುಗಳಲ್ಲಿ ಕೂತವರೂ ಅಲ್ಲ. ಆದರೂ ಎತ್ತುತ್ತಿದ್ದೇನೆ. ಬಹುಕಾಲ ಓಡಿಸಿದ ಸ್ಕೂಟರನ್ನು ಮಾರಿದ ದಿನ, ಕೊಂಡವರು ಅದಕ್ಕೆ ಕಿಕ್ ಹೊಡೆದು ಗೇಟು ದಾಟಿಸುವಾಗ ಮನೆಮಂದಿಯೆಲ್ಲ ಸುಮ್ಮನೆ ನಿಂತದ್ದನ್ನು ನೀವು ಕಂಡಿರುತ್ತೀರಿ. ಗೆಳೆಯರ ಸಂಕಟ ಅದೇ ಜಾತಿಯದು. ಯಂತ್ರಗಳ ಮೇಲಿನ ಪ್ರೀತಿಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಒಂದು ಯಂತ್ರವನ್ನು ಚೆನ್ನಾಗಿ ಬಳಸಲು ಕಲಿತವರು ಅದರ ಹಿಂದೆ ದುಡಿದ ಎಷ್ಟೋ ಜನರ ಯೋಚನೆಯನ್ನೂ ತಿಳಿದಿರುತ್ತಾರೆ.

ಮೊದಲು ಅವರ ಬಳಿ ಇರುವ ಕಾರಿನ ಮಾತು. 911 ಜನರ ಕಣ್ಣಿಗೆ ಬಿದ್ದದ್ದು 1963ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ. ಆಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳ ಮೇಲೆ ಫ್ರಾನ್ಸಿನಲ್ಲಿ ತನಗೆ ಹಕ್ಕಿದೆ ಎಂದು ಪ್ಯೂಜೋ ಕಂಪನಿ ತಕರಾರು ತೆಗೆಯಿತು. ಸೊನ್ನೆ ಹೋಗಿ ಅದರ ಜಾಗಕ್ಕೆ ಒಂದು ಬಂತು. ಕಾರಿಗೆ ಆಕಾರ ಕೊಟ್ಟವರು ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ. ಬೀಟಲ್ ಕಾರಿನ ವಿನ್ಯಾಸ ಮಾಡಿದ ಫರ್ಡಿನಾಂಡ್ ಪೋರ್ಷೆಯವರ ಮೊಮ್ಮಗ. ಅಜ್ಜನ ಬೀಟಲಿನಲ್ಲಿದ್ದಂತೆ ಮೊಮ್ಮಗನ ಕಾರಿನಲ್ಲೂ ಎಂಜಿನ್ ಇರುವುದು ಹಿಂದೆ. ಹಿಂದೆ ಎಂದರೆ ಹಿಂಗಾಲಿಗಳ ಆಕ್ಸಲ್‌ಗಿಂತಲೂ ಹಿಂದೆ, ಬಂಪರಿನ ಪಕ್ಕಕ್ಕೆ. ಆರು ಸಿಲಿಂಡರುಗಳು ಎಡಕ್ಕೆ ಮೂರು, ಬಲಕ್ಕೆ ಮೂರು ಅಡ್ಡ ಮಲಗಿರುತ್ತವೆ. 1998ರವರೆಗೆ ಇವನ್ನು ತಣಿಸುತ್ತಿದ್ದದ್ದು ಗಾಳಿ. ಆಮೇಲಿನವುಗಳಲ್ಲಿ ನೀರು.

ಭಾರ ಹಂಚುವ ಲೆಕ್ಕ ಗೊತ್ತಿರುವ ಯಾರನ್ನಾದರೂ ಕೇಳಿ, ಎಂಜಿನ್ ಇಡಲು ಅದು ಸರಿಯಾದ ಜಾಗವಲ್ಲ ಎನ್ನುತ್ತಾರೆ. ಹಳೆಯ 911ಗಳನ್ನು ತಿರುವಿನಲ್ಲಿ ಜೋರಾಗಿ ನುಗ್ಗಿಸಿ, ಹೆದರಿ, ಆಕ್ಸಲರೇಟರಿನಿಂದ ತಟ್ಟನೆ ಕಾಲೆತ್ತಿದರೆ ಭಾರ ಮುಂದಕ್ಕೆ ಸರಿದು ಹಿಂಗಾಲಿಗಳ ಹಿಡಿತ ಸಡಿಲವಾಗುತ್ತಿತ್ತು. ಹಿಂಭಾಗ ಹೊರಕ್ಕೆ ಬೀಸಿ ಕಾರು ರಸ್ತೆ ಬಿಟ್ಟು ಹೋಗುತ್ತಿತ್ತು. ಅನುಭವಸ್ಥರು ಒಂದು ಕ್ರಮ ಕಲಿತರು. ತಿರುವಿಗೆ ಮೊದಲೇ ಬ್ರೇಕ್ ಮುಗಿಸಬೇಕು, ನಿಧಾನವಾಗಿ ಒಳಗೆ ಹೋಗಬೇಕು, ತಿರುವಿನ ನಡುವಿನಿಂದ ಮೆಲ್ಲಗೆ ಆಕ್ಸಲರೇಟರ್ ಒತ್ತುತ್ತ ಬರಬೇಕು. ಹಾಗೆ ಬಂದರೆ ಹಿಂದಿನ ಭಾರವೇ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿದು, ಬೇರೆ ಕಾರುಗಳಿಗೆ ಸಿಗದ ಹಿಡಿತ ಕೊಡುತ್ತದೆ. ಪೋರ್ಷೆಯ ಎಂಜಿನಿಯರುಗಳು ದಶಕಗಟ್ಟಲೆ ಸಸ್ಪೆನ್ಷನ್, ಟೈರು, ಗಾಲಿಗಳ ಅಗಲ ಎಲ್ಲವನ್ನೂ ತಿದ್ದುತ್ತ ಆ ಹಳೆಯ ಅಪಾಯವನ್ನು ಬಹುಮಟ್ಟಿಗೆ ಅಳಿಸಿದರು. ಗುಣವನ್ನು ಮಾತ್ರ ಉಳಿಸಿಕೊಂಡರು. ಇಷ್ಟು ಹಟ ಹಿಡಿದು ಒಂದೇ ಯೋಚನೆಯನ್ನು ಅರವತ್ತು ವರ್ಷ ಬೆಳೆಸಿದ ಇನ್ನೊಂದು ಸ್ಪೋರ್ಟ್ಸ್ ಕಾರು ನನಗೆ ಗೊತ್ತಿಲ್ಲ.

ನಮ್ಮ ಗೆಳೆಯರ ಕಾರು 2004ರಲ್ಲಿ ಬಂದ ತಲೆಮಾರಿನದು. ಕಂಪನಿಯೊಳಗಿನ ಸಂಖ್ಯೆ 997. 3.8 ಲೀಟರಿನ ಎಂಜಿನ್, 355 ಅಶ್ವಶಕ್ತಿ. ಅದರ ಬೆಲೆ ನನಗೆ ತಿಳಿಯುವುದು ಅಶ್ವಶಕ್ತಿಯಲ್ಲಿ ಅಲ್ಲ, ಸ್ಟೀರಿಂಗಿನಲ್ಲಿ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪವರ್ ಸ್ಟೀರಿಂಗ್ ಇರುವ ಕೊನೆಯ 911 ತಲೆಮಾರು ಅದು. 2011ರಲ್ಲಿ ಬಂದ ಮುಂದಿನದಕ್ಕೆ ಇಂಧನ ಉಳಿಸಲೆಂದು ವಿದ್ಯುತ್ ಮೋಟಾರು ಹಾಕಿದರು. ಮೋಟಾರಿನದು ಕೆಟ್ಟದ್ದೆಂದು ಹೇಳಲಾರೆ. ಆದರೆ ಎಣ್ಣೆಯ ಸ್ಟೀರಿಂಗಿನಲ್ಲಿ ರಸ್ತೆಯ ಒರಟು, ಒದ್ದೆ, ಟೈರು ಹಿಡಿತ ಬಿಡುವ ಮೊದಲಿನ ಆ ಸಣ್ಣ ಹಗುರ, ಎಲ್ಲವೂ ಅಂಗೈಗೆ ಬರುತ್ತವೆ. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಹೋದರೂ ಬರುತ್ತವೆ. ಗೆಳೆಯರು "ಕೈಗೆ ಹೊಂದಿಕೊಂಡೈತಿ" ಎಂದದ್ದು ಇದನ್ನೇ.

ಇನ್ನೊಂದು ಸಂಗತಿ, ಚಿಕ್ಕದಾಗಿ ಕಾಣುವಂಥದ್ದು. 911ರಲ್ಲಿ ಹಿಂದೆ ಎರಡು ಪುಟ್ಟ ಸೀಟುಗಳಿವೆ. ದೊಡ್ಡವರಿಗೆ ಕೂರಲಾಗದು, ಮಕ್ಕಳಿಗೆ ಆಗುತ್ತದೆ. ಗೆಳೆಯರ ಮಗಳು ಆ ಸೀಟಿನಲ್ಲಿ ಕೂತೇ ಶಾಲೆಗೆ ಹೋದವಳು. ಅವರ ಶ್ರೀಮತಿಯವರನ್ನು ನಾನು ಕೇಳಿದೆ, ನೀವೇನನ್ನುತ್ತೀರಿ ಎಂದು. "ಅವರ ಕನಸಿಗೆ ನಾ ಅಡ್ಡ ಬರಂಗಿಲ್ರಿ. ಆದ್ರ ಕನ್ನಡ ಕೂಟದ ಕಾರ್ಯಕ್ರಮ ಮುಗಿಸಿಕೊಂಡು ರಾತ್ರಿ ಬರೂ ಮುಂದ ಹುಡುಗಿ ಆ ಹಿಂದಿನ ಸೀಟಿನಾಗ ಎಷ್ಟು ನಿದ್ದಿ ಮಾಡ್ಯಾಳೋ. ಅದನ್ನ ಯಾವ ಶೋರೂಮಿನವ್ರು ಲೆಕ್ಕಕ್ಕ ಹಿಡೀತಾರ?" ಎಂದರು.

ಇನ್ನು ಕನಸಿನ ಕಾರು. ಅದಕ್ಕೂ ನ್ಯಾಯ ಸಲ್ಲಬೇಕು. 1980ರ ದಶಕದಲ್ಲಿ ಧಾರವಾಡದ ಒಬ್ಬ ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಫೆರಾರಿ ಟೆಸ್ಟಾರೊಸಾದ ಚಿತ್ರ ನೋಡುತ್ತ ಬೆಳೆದಿದ್ದರೆ ಅದನ್ನು ಬರಿಯ ಆಡಂಬರದ ಆಸೆ ಎನ್ನಲು ನನಗೆ ಮನಸ್ಸಿಲ್ಲ. ಆ ಕಾಲದಲ್ಲಿ ಅವನ ಬೀದಿಯಲ್ಲಿ ಓಡಾಡುತ್ತಿದ್ದದ್ದು ಪ್ರೀಮಿಯರ್ ಪದ್ಮಿನಿ, ಅಂದರೆ ಇಟಲಿಯ ಫಿಯೆಟ್ ಕಂಪನಿಯ ವಿನ್ಯಾಸ. ಅದೇ ಫಿಯೆಟ್ 1969ರಲ್ಲಿ ಫೆರಾರಿಯ ಅರ್ಧ ಪಾಲು ಕೊಂಡಿತ್ತು. ಆ ಹುಡುಗನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಎಷ್ಟು ಹಿಗ್ಗುತ್ತಿದ್ದನೋ!

ಎಫ್430 ಹೊರಬಂದದ್ದು 2004ರ ಪ್ಯಾರಿಸ್ ಪ್ರದರ್ಶನದಲ್ಲಿ. 4.3 ಲೀಟರಿನ ವಿ8 ಎಂಜಿನ್, ಕೂತವರ ಬೆನ್ನ ಹಿಂದೆಯೇ, ಗಾಜಿನ ಮುಚ್ಚಳದ ಕೆಳಗೆ. 483 ಅಶ್ವಶಕ್ತಿ, ನಿಮಿಷಕ್ಕೆ 8500 ಸುತ್ತು. ಈ ಎಂಜಿನಿನ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ದೊಡ್ಡ ವಿ8 ಎಂಜಿನುಗಳಲ್ಲಿ ಕ್ರ್ಯಾಂಕಿನ ಪಿನ್ನುಗಳು ಒಂದಕ್ಕೊಂದು 90 ಡಿಗ್ರಿ ತಿರುಗಿಕೊಂಡಿರುತ್ತವೆ. ಅದುರು ಕಡಿಮೆ ಮಾಡಲು ಅವಕ್ಕೆ ಭಾರದ ತೂಕಗಳನ್ನು ಕಟ್ಟಬೇಕಾಗುತ್ತದೆ. ಫೆರಾರಿಯದರಲ್ಲಿ ಅವೆಲ್ಲ ಒಂದೇ ಸಮತಲದಲ್ಲಿ, 180 ಡಿಗ್ರಿಗೆ. ಅದುರು ಸ್ವಲ್ಪ ಹೆಚ್ಚು, ಆದರೆ ಕ್ರ್ಯಾಂಕು ಹಗುರ. ಆಕ್ಸಲರೇಟರ್ ಮುಟ್ಟಿದೊಡನೆ ಸುತ್ತು ತೋರಿಸುವ ಸೂಜಿ ಮೇಲಕ್ಕೆ ನೆಗೆಯುತ್ತದೆ. ಎಡಬಲದ ನಾಲ್ಕು ನಾಲ್ಕು ಸಿಲಿಂಡರುಗಳು ಸಮನಾದ ಅಂತರದಲ್ಲಿ ಉರಿಯುವುದರಿಂದ ದನಿ ಗುಡುಗುವುದಿಲ್ಲ, ಮೇಲಿನ ಸ್ಥಾಯಿಗೆ ಏರುತ್ತ ಹೋಗುತ್ತದೆ. ಸುರಂಗದೊಳಗೆ ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಾನೂ ಮರೆತಿಲ್ಲ.

ಈ ಕಾರು ಎರಡು ಬಗೆಯ ಗೇರುಪೆಟ್ಟಿಗೆಯಲ್ಲಿ ಬಂತು. ಬಹುಪಾಲು ಕಾರುಗಳಿಗೆ ಸ್ಟೀರಿಂಗಿನ ಹಿಂದಿನ ಎರಡು ಪಟ್ಟಿಗಳನ್ನು ಬೆರಳಿನಲ್ಲಿ ಎಳೆದು ಗೇರು ಬದಲಿಸುವ ವ್ಯವಸ್ಥೆ. ಕ್ಲಚ್ ಇದೆ, ಪೆಡಲ್ ಇಲ್ಲ. ಯಂತ್ರವೇ ಎಣ್ಣೆಯ ಒತ್ತಡದಿಂದ ಕ್ಲಚ್ ಒತ್ತುತ್ತದೆ. ಕೆಲವಕ್ಕೆ ಮಾತ್ರ ಹಳೆಯ ಕ್ರಮದ ಗೇರು ಕೋಲು, ಅದು ಓಡಾಡುವುದು ಲೋಹದ ತೆರೆದ ಕಂಡಿಗಳಲ್ಲಿ. ಪ್ರತಿ ಸಲ ಗೇರು ಬದಲಿಸಿದಾಗಲೂ ಲೋಹಕ್ಕೆ ಲೋಹ ತಾಗುವ ಟಕ್ ಎಂಬ ಸದ್ದು. ಇದರ ಬದಲಿಗೆ 2009ರಲ್ಲಿ ಬಂದ 458 ಇಟಾಲಿಯಾಕ್ಕೆ ಆ ಕೋಲು ಇರಲೇ ಇಲ್ಲ. ಹಾಗಾಗಿ ಕೈಗೇರಿನ 430ಗೆ ಇವತ್ತು ಬೆರಳಿನ ಗೇರಿನದಕ್ಕಿಂತ ಬಹಳ ಹೆಚ್ಚು ಬೆಲೆ. ನಮ್ಮ ಗೆಳೆಯರ ಕೈಗೆ ಎಟುಕುತ್ತಿರುವುದು ಬೆರಳಿನ ಗೇರಿನದೇ.

ನನಗೆ ಇಲ್ಲಿಯೇ ಮೊದಲ ಅನುಮಾನ ಬಂದದ್ದು. ಕ್ಲಚ್ ಒತ್ತಿ, ಹಿಮ್ಮಡಿಯಿಂದ ಆಕ್ಸಲರೇಟರ್ ತಟ್ಟಿ, ಗೇರು ಇಳಿಸುವುದನ್ನು ವರ್ಷಗಟ್ಟಲೆ ಕಲಿತವರಿಗೆ ಆ ಕೆಲಸವನ್ನೇ ಕಿತ್ತುಕೊಳ್ಳುವ ಕಾರು ಎಷ್ಟು ದಿನ ಹಿತವಾಗಿರುತ್ತದೆ?

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವಾಗ ಡೀಲರು ಹಳೆಯದಕ್ಕೆ ಕಟ್ಟುವ ಬೆಲೆ ನೇರವಾಗಿ ಇನ್ನೊಬ್ಬರಿಗೆ ಮಾರಿದರೆ ಬರುವುದಕ್ಕಿಂತ ಕಡಿಮೆ. ಅವರೂ ಲಾಭ ನೋಡಬೇಕಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಇದಕ್ಕೆ ಒಂದು ಸಮಾಧಾನವಿದೆ. 1,20,000 ಡಾಲರಿನ ಕಾರಿಗೆ 50,000 ಡಾಲರಿನ ಹಳೆಯ ಕಾರು ಕೊಟ್ಟರೆ, ಮಾರಾಟ ತೆರಿಗೆ ಬೀಳುವುದು ಉಳಿದ 70,000ಕ್ಕೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಆ ರಿಯಾಯಿತಿ ಇಲ್ಲ, ಪೂರ್ತಿ 1,20,000ಕ್ಕೂ ತೆರಿಗೆ ಕಟ್ಟಬೇಕು. ಅಲ್ಲಿದ್ದುಕೊಂಡು ಅದಲು ಬದಲು ಮಾಡುವುದಕ್ಕಿಂತ ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುವುದೇ ಲೇಸು ಎಂದು ಗೆಳೆಯರಿಗೆ ಹೇಳಿದೆ.

ಫೆರಾರಿ ಇಟ್ಟುಕೊಳ್ಳುವ ಖರ್ಚಿನ ಬಗ್ಗೆ ಕೇಳಿಬರುವ ಎಲ್ಲ ಕತೆಗಳೂ ಎಫ್430ಗೆ ಹೊಂದುವುದಿಲ್ಲ. 1994ರಿಂದ 1999ರವರೆಗಿನ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂದರೆ ಎಂಜಿನನ್ನೇ ಕೆಳಗಿಳಿಸಬೇಕಾಗಿತ್ತು. ಕೆಲವು ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸ ಅದು. ಮುಂದಿನ 360 ಮೊಡೆನಾದಲ್ಲಿ ಸೀಟಿನ ಹಿಂದಿನ ಫಲಕ ತೆಗೆದು ಬೆಲ್ಟ್ ತಲುಪಬಹುದಾಯಿತು. 430ರಲ್ಲಿ ಬೆಲ್ಟೇ ಹೋಗಿ ಚೈನು ಬಂತು. ಅಷ್ಟರ ಮಟ್ಟಿಗೆ ನೆಮ್ಮದಿ. ಆದರೂ ಅದಕ್ಕೆ ಅದರದ್ದೇ ಕಾಯಿಲೆಗಳಿವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ. ಒಳಗಿನ ಗುಂಡಿಗಳ ಮೇಲಿನ ಲೇಪ ವಯಸ್ಸಾದಂತೆ ಅಂಟಂಟಾಗುತ್ತದೆ. ಬೆರಳಿನ ಗೇರಿನ ಕಾರಿನ ಕ್ಲಚ್ ಊರೊಳಗಿನ ಟ್ರಾಫಿಕ್ಕಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಏರಿನಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಬೇಗ ಸವೆಯುತ್ತದೆ. ಹೊಸದು ಹಾಕಿಸಲು ಸಾವಿರಾರು ಡಾಲರು. 911 ನಿರ್ದೋಷಿಯೇನೂ ಅಲ್ಲ. ಆ ಕಾಲದ 3.8 ಲೀಟರಿನ ಎಂಜಿನುಗಳಲ್ಲಿ ಕೆಲವಕ್ಕೆ ಸಿಲಿಂಡರಿನ ಗೋಡೆ ಗೀರುಬಿದ್ದು ಎಂಜಿನ್ ಬಿಚ್ಚುವ ಪ್ರಸಂಗ ಬರುತ್ತದೆ. ವ್ಯತ್ಯಾಸವೆಂದರೆ ಗೆಳೆಯರಿಗೆ ತಮ್ಮ ಕಾರಿನ ಚರಿತ್ರೆಯೆಲ್ಲ ಗೊತ್ತು. ಯಾವ ಎಣ್ಣೆ, ಯಾವಾಗ, ಯಾವ ಸದ್ದು ಎಂದಿನಿಂದ, ಎಲ್ಲ. ಕೊಳ್ಳಲಿರುವ ಕಾರಿನ ಚರಿತ್ರೆ ಬೇರೆಯವರು ಬರೆದದ್ದು.

ಇವೆಲ್ಲ ಹಣ ಇದ್ದರೆ ದಾಟಬಹುದಾದ ಅಡ್ಡಿಗಳು. ನನ್ನ ಮನಸ್ಸು ನಿಜವಾಗಿ ನಿಂತದ್ದು ಓಡೋಮೀಟರಿನ ಮೇಲೆ, ಓಡಿದ ದೂರ ತೋರಿಸುವ ಆ ಸಣ್ಣ ಅಂಕಿಗಳ ಮೇಲೆ.

ಇಂಥ ಅಪರೂಪದ ಕಾರಿನ ಮಾರುಕಟ್ಟೆಯಲ್ಲಿ ಬೆಲೆಯನ್ನು ನಿರ್ಧರಿಸುವ ದೊಡ್ಡ ಅಂಶ ಅದು ಎಷ್ಟು ಕಡಿಮೆ ಓಡಿದೆ ಎಂಬುದು. ಒಂದೇ ವರ್ಷದ, ಒಂದೇ ಬಣ್ಣದ ಎರಡು ಫೆರಾರಿಗಳಲ್ಲಿ ಹೆಚ್ಚು ಓಡಿದ್ದಕ್ಕೆ ಬಹಳ ಕಡಿಮೆ ಬೆಲೆ. ಇಂಥ ಕಾರುಗಳ ವಿಮೆಯಲ್ಲೂ ವರ್ಷಕ್ಕೆ ಇಂತಿಷ್ಟು ಮೈಲಿಗಿಂತ ಹೆಚ್ಚು ಓಡಿಸಬಾರದೆಂಬ ಕಟ್ಟು ಇರುವುದುಂಟು. ಹೀಗಾಗಿ ಮಾಲೀಕ ಒಂದು ಭಾನುವಾರ ಹೊರಗೆ ತೆಗೆದಾಗಲೆಲ್ಲ ತಲೆಯ ಒಂದು ಮೂಲೆಯಲ್ಲಿ ಲೆಕ್ಕ ನಡೆಯುತ್ತಿರುತ್ತದೆ. ಮಳೆ ಬರುವ ಹಾಗಿದೆ, ಬೇಡ. ಅಂಗಡಿಯ ಮುಂದೆ ನಿಲ್ಲಿಸಿದರೆ ಯಾರಾದರೂ ಬಾಗಿಲು ತಾಗಿಸಿಯಾರು, ಬೇಡ. ಗೆಳೆಯರ 911ರ ಸಂಗತಿ ತದ್ವಿರುದ್ಧ. ಆ ಅಂಕಿ ಏರಿದಷ್ಟೂ ಮಾರುಕಟ್ಟೆಯವರ ಕಣ್ಣಿಗೆ ಅದು ಇಳಿದಿರಬಹುದು, ಅವರ ಕಣ್ಣಿಗೆ ಏರಿದೆ. ಮಗಳ ಶಾಲೆ, 1ನೇ ಹೆದ್ದಾರಿಯ ಕಡಲಂಚಿನ ದಾರಿ, ಭಾರತದಿಂದ ಬಂದ ತಂದೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ ಯೊಸೆಮಿಟಿ ಕಣಿವೆ, ಎಲ್ಲವೂ ಆ ಅಂಕಿಯೊಳಗೆ ಇವೆ. ಮುಟ್ಟಲು ಹಿಂಜರಿಯುವ ಕಾರನ್ನು, ಮನಸ್ಸು ಬಂದಾಗ ಕೀಲಿ ತಿರುಗಿಸಬಹುದಾದ ಕಾರಿಗೆ ಬದಲಾಗಿ ತೆಗೆದುಕೊಂಡರೆ ಅವರು ಕಳೆದುಕೊಳ್ಳುವುದು ಕಾರನ್ನಲ್ಲ, ಓಡಿಸುವುದನ್ನು.

ಹಾಗಾದರೆ ಅಪರೂಪದ ಕಾರನ್ನು ಮನೆಯ ಕಾರಿನಂತೆ ಬಳಸಿದವರೇ ಇಲ್ಲವೇ? ಇದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವ. ಮಿಸ್ಟರ್ ಬೀನ್ ಎಂದು ನಾವೆಲ್ಲ ಬಲ್ಲ ರೋವನ್ ಅಟ್ಕಿನ್ಸನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. 1997ರಲ್ಲಿ ಅವರು ಮೆಕ್‌ಲಾರೆನ್ ಎಫ್1 ಎಂಬ ಕಾರು ಕೊಂಡರು. ಒಟ್ಟು ತಯಾರಾದದ್ದು 106, ಓಡಿಸುವವರು ಕೂರುವುದು ನಟ್ಟನಡುವೆ, ಎರಡೂ ಪಕ್ಕದಲ್ಲಿ ಒಂದೊಂದು ಸೀಟು. ಅಟ್ಕಿನ್ಸನ್ ಅದನ್ನು ಬೀರುವಿನಲ್ಲಿ ಇಡಲಿಲ್ಲ. 2015ರಲ್ಲಿ ಮಾರುವಾಗ ಅದು 41,000 ಮೈಲಿ ಓಡಿತ್ತು. ಎರಡು ಸಲ ಅಪಘಾತವಾಗಿತ್ತು. 2011ರ ಎರಡನೆಯ ಅಪಘಾತದಲ್ಲಿ ಮರಕ್ಕೆ ಬಡಿದು, ರಿಪೇರಿಗೆ ವಿಮೆಯವರು ತೆತ್ತದ್ದು ಒಂಬತ್ತು ಲಕ್ಷ ಪೌಂಡಿಗೂ ಹೆಚ್ಚು. ರಿಪೇರಿಯಾಗಿ ಬಂದ ಮೇಲೂ ಓಡಿಸಿದರು. ಕೊನೆಗೆ ಮಾರಲು ಅವರು ಕೊಟ್ಟ ಕಾರಣ ನನ್ನ ಮನಸ್ಸಿಗೆ ನಾಟಿತು. ಆ ಕಾರಿನ ವಿನ್ಯಾಸದ ಹಿಂದಿನ ಯೋಚನೆಯನ್ನು ಮೆಚ್ಚಿ ತಾವು ಕೊಂಡದ್ದು, ಈಗ ಅದು ಬೆಲೆಬಾಳುವ ವಸ್ತುವಾಗಿಬಿಟ್ಟಿದೆ, ಇನ್ನೊಬ್ಬರು ಅನುಭವಿಸಲಿ ಎಂಬ ಅರ್ಥದ ಮಾತು. ಅಂದರೆ, ಅಂಥವರನ್ನೂ ಆ ಬೆಲೆ ಬಂದು ತಡೆದು ನಿಲ್ಲಿಸಿತು.

ಆ ಮೆಕ್‌ಲಾರೆನ್ ಎಫ್1ನ ವಿನ್ಯಾಸಕ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಾರ್ಡನ್ ಮರ್ರೆ. ಆ ಕಾರು ಮಾಡಲು ಹೊರಟಾಗ ಅವರು ಅಳತೆಗೋಲಿಗಾಗಿ ಫೆರಾರಿ, ಪೋರ್ಷೆ, ಲ್ಯಾಂಬೋರ್ಗಿನಿಗಳನ್ನು ಓಡಿಸಿ ನೋಡುತ್ತಿದ್ದರು. ಆಗ ಜಪಾನಿನ ಹೋಂಡಾ ಎನ್‌ಎಸ್‌ಎಕ್ಸ್ ಅವರ ಕೈಗೆ ಬಂತು. 1990ರಲ್ಲಿ ಮಾರುಕಟ್ಟೆಗೆ ಬಂದ, ಪೂರ್ತಿ ಅಲ್ಯೂಮಿನಿಯಂ ದೇಹದ, ಮೂರು ಲೀಟರಿನ ವಿ6 ಎಂಜಿನಿನ ಕಾರು. ಬರಿಯ 270 ಅಶ್ವಶಕ್ತಿ. ತಯಾರಿಯ ಹಂತದಲ್ಲಿ ಅದನ್ನು ಓಡಿಸಿ ನೋಡಿದ ಫಾರ್ಮುಲಾ ಒನ್ ಚಾಲಕ ಆಯರ್ಟನ್ ಸೆನ್ನಾ ದೇಹ ಇನ್ನಷ್ಟು ಗಟ್ಟಿಯಾಗಬೇಕೆಂದರು, ಹೋಂಡಾದವರು ಗಟ್ಟಿ ಮಾಡಿದರು. ಎನ್‌ಎಸ್‌ಎಕ್ಸ್ ಓಡಿಸಿದ ಮೇಲೆ ಉಳಿದ ಅಳತೆಗೋಲುಗಳೆಲ್ಲ ತಮ್ಮ ಮನಸ್ಸಿನಿಂದ ಹೊರಟುಹೋದವು ಎಂದು ಮರ್ರೆ ಹೇಳಿದ್ದಾರೆ. ತಾವೇ ಒಂದನ್ನು ಕೊಂಡು ವರ್ಷಗಟ್ಟಲೆ ಓಡಿಸಿದರು. ಯಾವ ಕಾರನ್ನು ಬೇಕಾದರೂ ಓಡಿಸಬಹುದಾಗಿದ್ದ ಮನುಷ್ಯ ಮೆಚ್ಚಿದ್ದು ದಿನಾ ಓಡಿಸಬಹುದಾದ ಕಾರನ್ನು. ಕ್ಲಚ್ ಕಾಲನ್ನು ದಣಿಸದ, ಹೊರಗಿನ ನೋಟ ಮರೆಯಾಗದ, ಕೆಟ್ಟ ರಸ್ತೆಯಲ್ಲೂ ಬೆನ್ನು ನೋಯಿಸದ ಕಾರನ್ನು. ಗೆಳೆಯರಿಗೆ ನಾನು ಮುಖ್ಯವಾಗಿ ಹೇಳಿದ್ದು ಈ ಪ್ರಸಂಗವನ್ನೇ.

ನಮ್ಮ ಬೆಂಗಳೂರಿನಲ್ಲೂ ಈಗ ಇಂಥ ಕಾರುಗಳು ಕಾಣುತ್ತವೆ. ಅಲ್ಲಿ ಪ್ರಶ್ನೆ ಇನ್ನೂ ಕಠಿಣ. ಆಮದು ಸುಂಕ ಸೇರಿ ಬೆಲೆ ಬಹಳ ಏರುತ್ತದೆ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ, 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಕಾರಿಗೆ ಶೇಕಡಾ 18. ಇಷ್ಟೆಲ್ಲ ತೆತ್ತು ತಂದರೆ ಬಡಾವಣೆಯ ಮೊದಲ ರೋಡ್ ಹಂಪಿಗೇ ಹೊಟ್ಟೆ ಉಜ್ಜುತ್ತದೆ. ಅಲ್ಲಿ 911 ಇಟ್ಟುಕೊಂಡವರು ಬೆಳಗಿನ ಜಾವ ಎದ್ದು ನಂದಿ ಬೆಟ್ಟದ ಕಡೆಗಾದರೂ ಹೋಗಿ ಬರಬಹುದು. ಅದಕ್ಕಿಂತ ತಗ್ಗಿನ ಕಾರು ಇದ್ದವರು ಆ ದಾರಿಯಲ್ಲಿ ಎಲ್ಲೆಲ್ಲಿ ಉಬ್ಬುಗಳಿವೆ ಎಂದು ಬಾಯಿಪಾಠ ಮಾಡಬೇಕು.

ಮತ್ತೆ ಗೆಳೆಯರ ವಿಷಯಕ್ಕೆ. ಶೋರೂಮಿನವರು ಕೊಡುವ ಹದಿನೈದು ನಿಮಿಷದ ಟೆಸ್ಟ್ ಡ್ರೈವಿನಿಂದ ಏನೂ ತಿಳಿಯುವುದಿಲ್ಲ, ಆ ಹೊತ್ತಿನಲ್ಲಿ ಕಿವಿಯೇ ತೀರ್ಮಾನ ಮಾಡಿಬಿಡುತ್ತದೆ ಎಂದು ಹೇಳಿದೆ. ಬಾಡಿಗೆಗೆ ಇಂಥ ಕಾರು ಕೊಡುವವರು ಅಲ್ಲಿ ಇದ್ದಾರೆ. ಒಂದು ಶನಿವಾರ, ಭಾನುವಾರ 430 ತೆಗೆದುಕೊಳ್ಳಿ, 911 ಹೋಗುವಲ್ಲಿಗೆಲ್ಲ ಒಯ್ಯಿರಿ ಎಂದೆ. ತರಕಾರಿ ಅಂಗಡಿಗೆ, ಕಚೇರಿಯ ಪಾರ್ಕಿಂಗಿಗೆ, ಆಮೇಲೆ ಸ್ಕೈಲೈನ್ ಬುಲೆವಾರ್ಡಿಗೆ. ಸಾಂತಾ ಕ್ರೂಜ್ ಬೆಟ್ಟಸಾಲಿನ ನೆತ್ತಿಯ ಮೇಲೆ, ರೆಡ್‌ವುಡ್ ಮರಗಳ ನಡುವೆ ಸುತ್ತುತ್ತ ಹೋಗುವ 35ನೇ ಹೆದ್ದಾರಿ ಅದು. 84ನೇ ಹೆದ್ದಾರಿ ಕೂಡುವಲ್ಲಿ ಆಲಿಸಸ್ ರೆಸ್ಟೊರೆಂಟ್ ಇದೆ. ಭಾನುವಾರ ಬೆಳಿಗ್ಗೆ ಬೈಕಿನವರು, ಕಾರಿನವರು ಅಲ್ಲಿ ಸೇರುತ್ತಾರೆ.

ಅವರು ಹಾಗೆಯೇ ಮಾಡಿ ಫೋನು ಮಾಡಿದರು. "ಸರ, ಆ ದನಿ ಕೇಳಿ ಕಣ್ಣಾಗ ನೀರು ಬಂತ್ರಿ, ಸುಳ್ಳು ಹೇಳಂಗಿಲ್ಲ. ಆದ್ರ ಅದು ಮಾತಾಡಬೇಕಂದ್ರ ಸೂಜಿ ಆರು ಸಾವಿರ ದಾಟಬೇಕು. ಆ ರಸ್ತಾದಾಗ ಅಷ್ಟೊತ್ತಿಗೆ ಲೈಸೆನ್ಸ್ ಹೋಗೂ ಸ್ಪೀಡ್ ಆಗಿರ್ತದ. ನನ್ನ ಗಾಡಿ ಸಾವಕಾಶ ಹೋದ್ರೂ ಮಾತಾಡ್ತೈತಿ." ಸ್ವಲ್ಪ ತಡೆದು, "ಆಲಿಸಸ್ ಮುಂದ ನಿಲ್ಲಿಸಿ ಒಳಗ ಹೋಗಿ ಚಹಾ ಕುಡೀಲಿಕ್ಕೆ ಆಗ್ಲಿಲ್ರಿ. ಕಿಟಕಿ ಕಡೆನ ಕಣ್ಣು" ಎಂದರು.

ಅವರು 911 ಇಟ್ಟುಕೊಂಡರು. ಕೂಡಿಟ್ಟ ಹಣದಲ್ಲಿ ಒಂದಿಷ್ಟು ತೆಗೆದು ಅದಕ್ಕೆ ಹೊಸ ಕ್ಲಚ್ಚು, ಹೊಸ ಶಾಕ್ ಅಬ್ಸಾರ್ಬರುಗಳನ್ನು ಹಾಕಿಸುತ್ತಿದ್ದಾರೆ. ಹದಿನಾರು ತುಂಬಿದ ಮಗಳು ಅದರಲ್ಲೇ ಕೈಗೇರು ಕಲಿಯಲು ಶುರು ಮಾಡಿದ್ದಾಳೆ. ಹಾಗಾಗಿ ಆ ಕ್ಲಚ್ಚು ಬೇಕೇ ಬೇಕಿತ್ತು.

ಇದೇ ಉತ್ತರ ಎಲ್ಲರಿಗೂ ಸಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ತಮ್ಮ ಸ್ಪೋರ್ಟ್ಸ್ ಕಾರನ್ನು ತಿಂಗಳುಗಟ್ಟಲೆ ಹೊರಗೇ ತೆಗೆಯದವರಿದ್ದಾರೆ. ಅದರ ಬಳಿ ಹೋದರೆ ಹಳೆಯ ಪ್ರೀತಿಯ ನೆನಪಷ್ಟೇ ಬರುತ್ತದೆ, ಓಡಿಸಬೇಕೆನಿಸುವುದಿಲ್ಲ. ಅಂಥವರು ಅದನ್ನು ಓಡಿಸುವವರ ಕೈಗೆ ಕೊಡುವುದೇ ಆ ಕಾರಿಗೆ ಮಾಡುವ ಉಪಕಾರ. ಅವರು ಫೆರಾರಿ ಕೊಳ್ಳುವುದಾದರೆ ಖಂಡಿತ ಕೊಳ್ಳಲಿ. ಅವರಿಗೆ ನಾನು ಹೇಳುವುದು ಇಷ್ಟು. ತೀರ ಕಡಿಮೆ ಓಡಿದ ಕಾರಿನ ಹಿಂದೆ ಬೀಳಬೇಡಿ. ಆಗಲೇ ಒಂದಷ್ಟು ಓಡಿ, ಕ್ರಮವಾಗಿ ಸರ್ವಿಸ್ ಆಗಿರುವ ಕಾರು ಹುಡುಕಿ. ಬೆಲೆಯೂ ಕಡಿಮೆ, ಇನ್ನಷ್ಟು ಓಡಿಸಲು ಮನಸ್ಸೂ ಹಿಂಜರಿಯುವುದಿಲ್ಲ. ಕೈಗೇರಿನದು ಸಿಕ್ಕರೆ, ಶಕ್ತಿ ಇದ್ದರೆ, ಅದನ್ನೇ ಆರಿಸಿ. ಬೆರಳಿನ ಗೇರಿನದಾದರೆ ಕ್ಲಚ್ ಶೇಕಡಾ ಎಷ್ಟು ಸವೆದಿದೆ ಎಂದು ಕಂಪ್ಯೂಟರ್ ಹಚ್ಚಿ ಓದಿಸಿ, ಅದು ಒಂದು ಅಂದಾಜು ಹೇಳುತ್ತದೆ. ಮಾರುವವರ ಮೆಕ್ಯಾನಿಕ್ ಬೇಡ, ನೀವೇ ಹಣ ಕೊಟ್ಟು ಬೇರೊಬ್ಬರನ್ನು ಕರೆಸಿ ತೋರಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆಯಿಂದ ಟಿಕ್ ಟಿಕ್ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಬಿರುಕಿದ್ದರೆ ಆ ಮೊದಲ ಕೆಲವು ನಿಮಿಷಗಳಲ್ಲೇ ಗೊತ್ತಾಗುತ್ತದೆ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸದ್ದು ಅಡಗಿಬಿಡಬಹುದು. ಹಾಗಾಗಿ ನೀವು ಹೋಗುವ ಮೊದಲೇ ಕಾರನ್ನು ಬಿಸಿ ಮಾಡಿ ಇಟ್ಟಿದ್ದರೆ ಆ ದಿನ ಹಿಂತಿರುಗಿ ಬನ್ನಿ. ಇನ್ನೊಂದು ಬೆಳಿಗ್ಗೆ, ಬೇಗ ಹೋಗಿ.